ಡಾಕ್ಟರ್ ನಳಿನಿಯವರ ಟ್ಯೂನರ್ ಕಾರ್ಡು

ಡಾಕ್ಟರ್ ನಳಿನಿಯವರ ಎದುರಿಗೆ ಯಾರು ಗಾಬರಿಯಾದರೂ ಅವರು ಹೇಳುತ್ತಿದ್ದುದು ಒಂದೇ ಮಾತು: "ನೂರರಿಂದ ಹಿಂದಕ್ಕೆ ಎಣಿಸಿ." ನಮ್ಮ ಕಟ್ಟಡದ ಲಿಫ್ಟು ನಡುವೆ ನಿಂತಾಗ ಒಳಗಿನಿಂದ ಕಿರುಚುತ್ತಿದ್ದ ಹೆಂಗಸಿಗೆ ಬಾಗಿಲ ಸಂದಿಯಲ್ಲಿ ಬಾಯಿಟ್ಟು ಅದನ್ನೇ ಹೇಳಿದ್ದರು. ಇಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾ ಮುಗಿಯಲು ಬಂದರೂ ಅದನ್ನು ಮಾಡಿಸಿಕೊಡಬೇಕಾದ ಮಾಲೀಕ, ಅಂದರೆ ಕಫೀಲ್, ಫೋನ್ ಎತ್ತುತ್ತಿಲ್ಲವೆಂದು ಅಳುತ್ತಾ ಬಂದ ನರ್ಸಿಗೂ ಅದೇ ಔಷಧಿ. ನನಗಂತೂ ಎಷ್ಟು ಸಲ ಹೇಳಿದ್ದರೆಂದರೆ, ಹಿಂದಕ್ಕೆ ಎಣಿಸುವ ಸ್ಪರ್ಧೆಯೇನಾದರೂ ನಡೆದರೆ ಇಡೀ ಕುವೈತಿನಲ್ಲಿ ನನ್ನ ಮುಂದೆ ನಿಲ್ಲುವ ಕನ್ನಡಿಗನಿಲ್ಲ.

ಅವರು ಅರಿವಳಿಕೆ ತಜ್ಞೆ. ಮೈಸೂರಿನವರು, ಮದುವೆಯಾದವರಲ್ಲ, ಗಿಡ್ಡ ಆಳು, ದೊಡ್ಡ ದನಿ. ನನಗೆ ಅವರ ಪರಿಚಯವಾದದ್ದು ನಾನು ಮೇಜಿನ ಮೇಲೆ ಅಂಗಾತ ಮಲಗಿದ್ದಾಗ. ಹರ್ನಿಯಾ ಆಪರೇಷನ್ನು. ಅಂಥ ಚಿಕ್ಕ ಆಪರೇಷನ್ನಿಗೂ ನಾನು ವಾರದಿಂದ ನಿದ್ದೆಗೆಟ್ಟು, ವಿಮೆಯ ಕಾಗದಗಳು ಎಲ್ಲಿವೆಯೆಂದು ಹೆಂಡತಿ ವೀಣಾಗೆ ತೋರಿಸಿಟ್ಟು ಬಂದಿದ್ದೆ. ನಾನು ಮಿರ್ಕಾಬ್‌ನಲ್ಲಿ ವಿಮಾ ಕಚೇರಿಯೊಂದರಲ್ಲಿ ಕೆಲಸ ಮಾಡುವವನು. ಜನಕ್ಕೆ ಏನೇನು ಆಗಬಹುದೆಂದು ಯೋಚಿಸುವುದಕ್ಕೇ ನನಗೆ ಸಂಬಳ. ಮುಖಗವಸಿನ ಹಿಂದಿನಿಂದ ಕನ್ನಡ ಕೇಳಿದಾಗ ಧೈರ್ಯ ಬಂದು ಕೇಳಿಯೇಬಿಟ್ಟೆ: "ಮೇಡಂ, ಎಚ್ಚರ ಆಗದೇ ಹೋದರೆ?"

"ಆಗದೇ ಹೋದ್ರೆ ನಿಮಗೆ ಗೊತ್ತೇ ಆಗಲ್ಲ. ಅದರ ಚಿಂತೆ ಮಾಡ್ಬೇಕಾದೋಳು ನಾನು. ನನ್ನ ಕೆಲಸ ನೀವ್ಯಾಕೆ ಮಾಡ್ತೀರಿ? ಎಣಿಸಿ, ಕನ್ನಡದಲ್ಲೇ ಎಣಿಸಿ."

ಕಣ್ಣು ಬಿಟ್ಟಾಗ ಅವರು ಪಕ್ಕದಲ್ಲೇ ನಿಂತಿದ್ದರು. "ತೊಂಬತ್ತಾರಕ್ಕೇ ಬಿದ್ದುಹೋದ್ರಿ. ಚಿಂತೆ ಮಾಡೋ ಜನ ಬೇಗ ಮಲಗ್ತಾರೆ. ಸುಸ್ತಾಗಿರ್ತಾರೆ, ಪಾಪ."

ಆಮೇಲೆ ತಿಳಿಯಿತು, ಫಹಾಹೀಲ್‌ನ ನಮ್ಮದೇ ಕಟ್ಟಡದಲ್ಲಿ, ನಮ್ಮ ತಲೆಯ ಮೇಲಿನ ಫ್ಲಾಟಿನಲ್ಲೇ ಅವರಿರುವುದು. ಅಲ್ಲಿಂದ ಶುಕ್ರವಾರದ ತಿಂಡಿ ಒಂದು ವಾರ ಅವರ ಮನೆ, ಒಂದು ವಾರ ನಮ್ಮ ಮನೆ ಎಂದಾಯಿತು. ವೀಣಾ ಧಾರವಾಡದವಳು, ಅವಳ ಮಂಡಕ್ಕಿ ಸೂಸಲಕ್ಕೆ ಡಾಕ್ಟರು ತಲೆಬಾಗಿದರು, ಅವರ ಹುಳಿಯನ್ನಕ್ಕೆ ವೀಣಾ ತಲೆಬಾಗಲಿಲ್ಲ, ಆದರೆ ಎರಡನೆಯ ಸಲ ಹಾಕಿಸಿಕೊಂಡಳು.

ಬೇರೆಯವರು ಹಜಾರದಲ್ಲಿ ಗಾಜಿನ ಕಪಾಟಿಡುವ ಜಾಗದಲ್ಲಿ ಡಾಕ್ಟರು ಒಂದು ಕಂಪ್ಯೂಟರ್ ಇಟ್ಟಿದ್ದರು. ಅದರ ಪಕ್ಕದ ತಗಡನ್ನು ಯಾವತ್ತೂ ಮುಚ್ಚುತ್ತಿರಲಿಲ್ಲ. ಹೊಟ್ಟೆ ತೆರೆದಿಟ್ಟ ರೋಗಿಯಂತೆ ಅದು ಸದಾ ಕೂತಿರುತ್ತಿತ್ತು. ಅದರಲ್ಲಿ ಓಡುತ್ತಿದ್ದುದು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ. ಎಲ್ಲರೂ ಬಳಸುವುದನ್ನು ಬಿಟ್ಟು ಇದೇಕೆಂದು ನಾನು ಕೇಳಿದ್ದೆ. "ಇದು ಮುಚ್ಚಿಡಲ್ಲ ಶ್ರೀಧರ್. ಎಲ್ಲಿ ನೋವು, ಯಾವಾಗ ಶುರುವಾಯ್ತು, ಎಲ್ಲಾ ತಾನೇ ಬರೆದಿಡುತ್ತೆ. ಓದೋ ತಾಳ್ಮೆ ಇರ್ಬೇಕು, ಅಷ್ಟೇ. ನನ್ನ ರೋಗಿಗಳು ಮಲಗಿರ್ತಾರೆ, ಏನೂ ಹೇಳಲ್ಲ. ಮನೆಗೆ ಬಂದ್ರೆ ಇದೊಂದಾದ್ರೂ ಮಾತಾಡುತ್ತಲ್ಲ."

ಆ ಹೊಟ್ಟೆಯೊಳಗೆ, ಕಂಪ್ಯೂಟರನ್ನೇ ಟಿವಿಯಾಗಿಸುವ ಒಂದು ಟ್ಯೂನರ್ ಕಾರ್ಡು. ಕಟ್ಟಡದ ತಾರಸಿಯ ಮೇಲೆ ಹಿಂದೆ ಯಾರೋ ಬಿಟ್ಟುಹೋಗಿದ್ದ ದೊಡ್ಡ ಡಿಶ್ಶನ್ನು ಅವರು ಪೂರ್ವಕ್ಕೆ ತಿರುಗಿಸಿ, ಕೇಬಲ್ ಇಳಿಸಿ, ನೇರ ಆ ಕಾರ್ಡಿಗೆ ಸಿಕ್ಕಿಸಿದ್ದರು. ಅದರಿಂದ ಬರುತ್ತಿದ್ದುದು ಸರ್ಕಾರಿ ಕನ್ನಡ ವಾಹಿನಿ. ಉಳಿದ ನಾವೆಲ್ಲ ಇಂಟರ್‌ನೆಟ್ಟಿನಲ್ಲಿ ಧಾರಾವಾಹಿ ನೋಡುತ್ತಿದ್ದ ಕಾಲದಲ್ಲಿ ಅವರು ಅಂತರಿಕ್ಷದಿಂದ ಕೃಷಿ ವಾರ್ತೆ ಇಳಿಸಿಕೊಳ್ಳುತ್ತಿದ್ದರು. ಯಾಕೆಂದರೆ, "ಇದರಲ್ಲಿ ಯಾರೂ ಕಿರುಚಲ್ಲ."

ಕಂಪ್ಯೂಟರ್ ಕೈಕೊಟ್ಟರೆ ನಾನು ಮಾಡುವ ಚಿಕಿತ್ಸೆ ಒಂದೇ: ಸ್ವಿಚ್ ಆರಿಸಿ, ದೇವರನ್ನು ನೆನೆದು, ಮತ್ತೆ ಹಾಕುವುದು. ಡಾಕ್ಟರಿಗೆ ಅದನ್ನು ಕಂಡರಾಗದು. "ಏನಾಗಿದೆ ಅಂತ ಕೇಳದೇ ಪ್ರಜ್ಞೆ ತಪ್ಪಿಸ್ತೀರಲ್ರೀ!" ಎನ್ನುತ್ತಿದ್ದರು. ಅವರ ಇನ್ನೊಂದು ಕಟ್ಟಳೆ: "ಒಂದು ಸಲಕ್ಕೆ ಒಂದೇ ಔಷಧಿ. ಎರಡು ಒಟ್ಟಿಗೆ ಕೊಟ್ರೆ ಯಾವುದರಿಂದ ಏನಾಯ್ತು ಅಂತ ಆ ಬ್ರಹ್ಮನಿಗೂ ಗೊತ್ತಾಗಲ್ಲ." ವೀಣಾ ಸಾರಿಗೆ ಒಟ್ಟಿಗೆ ಉಪ್ಪು, ಹುಣಿಸೆಹಣ್ಣು ಹಾಕಿದರೂ ಅವರಿಗೆ ಕಸಿವಿಸಿ.

ಇಷ್ಟು ಗಟ್ಟಿ ಹೆಂಗಸಿಗೆ ಒಂದು ಮೆತ್ತಗಿನ ಜಾಗವಿತ್ತು. ಅದನ್ನು ವೀಣಾ ಮೊದಲು ಕಂಡುಹಿಡಿದಳು. ಮೈಸೂರಿನ ಮನೆಯಲ್ಲಿ ಅವರ ಅಕ್ಕ ಪದ್ಮಾ ಇದ್ದರು, ಸಸ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿ. ಮನೆಯ ಮುಂದೆ ಅವರ ಅಮ್ಮ ನೆಟ್ಟಿದ್ದ ಸಂಪಿಗೆ ಮರ. ಒಂದು ರಜೆಯಲ್ಲಿ ಡಾಕ್ಟರು ಅದನ್ನು ಮೈತುಂಬ ಹೂವಿನಲ್ಲಿ ನೋಡಿ ಬಂದಿದ್ದರು. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಅಕ್ಕ ಅದನ್ನು ಕಡಿಸಿಬಿಟ್ಟರು. ಒಳಗೆ ಹಾಳಾಗಿತ್ತೆಂದು ಎರಡು ಸಾಲಿನ ಮೆಸೇಜು ಕಳಿಸಿದರು. "ಹೂ ಬಿಡೋ ಮರ ಹಾಳಾಗಿರುತ್ತಾ? ಬಾಟನಿ ಪ್ರೊಫೆಸರಂತೆ!" ಎಂದು ಡಾಕ್ಟರು ಫೋನಿನಲ್ಲಿ ಕೂಗಾಡಿದರು. "ಅಲ್ಲಿ ಕೂತು ಹೇಳೋದು ಸುಲಭ" ಎಂದು ಅಕ್ಕ ಫೋನ್ ಇಟ್ಟರು. ಅಷ್ಟೇ. ಅಲ್ಲಿಗೆ ಅಕ್ಕ ತಂಗಿಯರ ಮಾತು ನಿಂತು ವರ್ಷಗಳೇ ಆಗಿದ್ದವು. ರಜೆಗೆ ಹೋದರೂ ಡಾಕ್ಟರು ಬೆಂಗಳೂರಿನ ಗೆಳತಿಯ ಮನೆಯಲ್ಲಿದ್ದು ಬರುತ್ತಿದ್ದರು.

ಒಂದು ಸೆಪ್ಟೆಂಬರಿನ ಗುರುವಾರ ಸಂಜೆ ಅವರು ನಮ್ಮ ಬಾಗಿಲು ಬಡಿದರು. ಬೆಲ್ ಇರುವಾಗ ಬಡಿಯುವವರಲ್ಲ ಅವರು. ಕೈಯಲ್ಲಿ ಫೋನು, ಅದರಲ್ಲಿ ಅಕ್ಕನ ಮಗಳ ಮೆಸೇಜು: "ಚಿಕ್ಕಮ್ಮಾ, ನಾಳೆ ಸಂಜೆ ಅಮ್ಮ ಟಿವಿಯಲ್ಲಿ ಬರ್ತಾರೆ. ಕೈತೋಟದ ಫೋನ್-ಇನ್, ಲೈವ್. ನೋಡಬೇಕು ಅನ್ನಿಸಿದ್ರೆ ನೋಡಿ."

"ನೋಡ್ಬೇಕಲ್ರೀ ಮತ್ತ!" ಎಂದಳು ವೀಣಾ.

"ನೋಡ್ತೀನಿ. ನೋಡೋದಷ್ಟೇ. ನೋಡೋದು ಬೇರೆ, ಮಾತಾಡೋದು ಬೇರೆ. ಆದ್ರೆ ಕಾರ್ಡು ಕೆಲಸ ಮಾಡ್ತಿಲ್ಲ."

ಆ ವಾರ ಸಮುದ್ರದಡಿಯ ಕೇಬಲ್ಲಿಗೆ ಏನೋ ಆಗಿ ಗಲ್ಫಿನ ಇಂಟರ್‌ನೆಟ್ಟೆಲ್ಲ ಕುಂಟುತ್ತಿತ್ತು. ಚಿತ್ರವೆಂಬುದು ಮೂಗೊಂದು ಕಡೆ ಬಾಯೊಂದು ಕಡೆಯಾಗಿ ಬರುತ್ತಿತ್ತು. ನಾನು ಸಮಾಧಾನ ಹೇಳಲು ಹೋದೆ: "ಆಮೇಲೆ ರೆಕಾರ್ಡಿಂಗ್ ಹಾಕ್ತಾರಲ್ಲ ಡಾಕ್ಟ್ರೇ, ನೆಟ್ ಸರಿಹೋದ ಮೇಲೆ..."

"ಆಮೇಲೆ ನೋಡೋದು ಪೋಸ್ಟ್‌ಮಾರ್ಟಂ. ನನಗೆ ಜೀವಂತ ಬೇಕು" ಎಂದರು. ದನಿ ಎಂದಿನಷ್ಟು ದೊಡ್ಡದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ತಿಂಡಿ ಮುಗಿಸಿ ಅವರ ಮನೆಯಲ್ಲಿ ಸೇರಿದೆವು. ಕಾರ್ಯಕ್ರಮ ಅಲ್ಲಿನ ಐದೂವರೆಗೆ, ಅಂದರೆ ನಮ್ಮ ಮೂರಕ್ಕೆ. ಡಾಕ್ಟರು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲುಗಳನ್ನು ಉರುಳಿಸುತ್ತಾ ಕೇಸ್‌ಶೀಟ್ ಓದುವ ಮುಖ ಮಾಡಿಕೊಂಡು ಕೂತಿದ್ದರು. "ನೋಡಿ, ಕಾರ್ಡು ಇದೆ ಅಂತ ಒಪ್ಕೊಳ್ಳುತ್ತೆ. ಹೆಸರೂ ಹೇಳುತ್ತೆ. ಆದ್ರೆ ಎಬ್ಬಿಸೋಕಾಗ್ತಿಲ್ಲ. ಹಾಂ, ಇಲ್ಲಿದೆ! ಫರ್ಮ್‌ವೇರ್ ಸಿಗಲಿಲ್ಲ ಅಂತಿದೆ." ನನ್ನ ಮುಖ ನೋಡಿ ಬಿಡಿಸಿ ಹೇಳಿದರು: ಕಾರ್ಡಿಗೆ ತನ್ನದೇ ಆದ ಬುದ್ಧಿಯಿಲ್ಲ, ಪ್ರತಿ ಸಲ ಎದ್ದಾಗ ಒಂದು ಸಣ್ಣ ಫೈಲನ್ನು ಅದಕ್ಕೆ ಕುಡಿಸಬೇಕು. ಹಿಂದಿನ ಶುಕ್ರವಾರ ಇಡೀ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವಾಗ ಆ ಫೈಲು ಕಳೆದುಹೋಗಿದೆ. ಆಮೇಲೆ ವಾರವಿಡೀ ಆಸ್ಪತ್ರೆಯ ಡ್ಯೂಟಿ. ಟಿವಿ ಹಾಕಿಯೇ ಇರಲಿಲ್ಲ.

ಫೈಲು ಚಿಕ್ಕದೇ. ಆದರೆ ಕುಂಟುವ ನೆಟ್ಟಿನಲ್ಲಿ ಅದು ಬಂದು ಸೇರುವಷ್ಟರಲ್ಲಿ ವೀಣಾ ಊಟಕ್ಕೆ ಅನ್ನ ಇಟ್ಟು, ಬಸಿದು, ತಂದಿಟ್ಟಿದ್ದಳು. ಡಾಕ್ಟರು ಅದನ್ನು ಇರಬೇಕಾದ ಜಾಗದಲ್ಲಿಟ್ಟರು, ಕಂಪ್ಯೂಟರಿನ ವೈರನ್ನೇ ಕಿತ್ತು ಸ್ವಲ್ಪ ಹೊತ್ತು ಬಿಟ್ಟರು. "ಅರೆನಿದ್ದೆಯಿಂದ ಎಬ್ಬಿಸಿದ್ರೆ ಹಳೇ ಗುಂಗಲ್ಲೇ ಇರುತ್ತೆ" ಎಂದರು. ಮತ್ತೆ ಹಾಕಿದಾಗ ಕಾರ್ಡು ಎದ್ದಿತು. ನಾನು ಚಪ್ಪಾಳೆ ತಟ್ಟಿದೆ.

"ತಡೀರಿ" ಎಂದರು.

ಕಾರ್ಡು ಎದ್ದಿತ್ತು, ಆದರೆ ಅದಕ್ಕೆ ಏನೂ ಕೇಳಿಸುತ್ತಿರಲಿಲ್ಲ. ಸಿಗ್ನಲ್ ಸೊನ್ನೆ. ವಾಹಿನಿಗಳನ್ನು ಹುಡುಕಲು ಬಿಟ್ಟರೆ ಆಕಾಶವೆಲ್ಲ ಖಾಲಿಯೆಂಬಂತೆ ಮುಗಿಸಿ ಕೂತುಬಿಡುತ್ತಿತ್ತು. ಡಾಕ್ಟರು ಕಾರ್ಡನ್ನು ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಇಲ್ಲ. ಇನ್ನೊಂದು ಖಾನೆಗೆ ಹಾಕಿದರು. ಇಲ್ಲ. ಬೈದರು, ಅದೂ ಮೈಸೂರಿನ ಕನ್ನಡದಲ್ಲೇ. ಇಲ್ಲ. ಗಡಿಯಾರ ಎರಡು ದಾಟಿತ್ತು. ನಾನು ನನಗಾಗಿಯೇ ಹಿಂದಕ್ಕೆ ಎಣಿಸಲು ಶುರುಮಾಡಿದ್ದೆ.

"ಏನ್ರೀ ನೀವು, ಡಾಕ್ಟರ್ ಅದಾರಲ್ಲ. ನೀವ್ಯಾಕ ಬೆವರಾಕತ್ತೀರಿ?" ವೀಣಾ ಗದರಿದಳು.

ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಆಗಬಹುದಾದ ಅನಾಹುತಗಳನ್ನು ಒಂದೊಂದಾಗಿ ಒಪ್ಪಿಸಿದೆ: ಕೇಬಲನ್ನು ಇಲಿ ಕಡಿದಿದ್ದರೆ? ಧೂಳಿನ ಗಾಳಿಗೆ ಡಿಶ್ ತಿರುಗಿದ್ದರೆ? ಪಾರಿವಾಳ ಗೂಡು ಕಟ್ಟಿದ್ದರೆ? ಉಪಗ್ರಹವೇ ಬಿದ್ದುಹೋಗಿದ್ದರೆ?

"ಉಪಗ್ರಹ ಬಿದ್ರೆ ಪೇಪರಲ್ಲಿ ಬರುತ್ತೆ ಶ್ರೀಧರ್. ಡಿಶ್‌ಗೆ ಏನೂ ಆಗಿಲ್ಲ. ಹೋದ ಶುಕ್ರವಾರ ನಾನೇ ಮೇಲೆ ಹೋಗಿ, ಬಿಸಿಲಿಗೆ ಬಂದೋಬಸ್ತ್ ಮಾಡಿ ಬಂದಿದೀನಿ. ಕಾರ್ಡೇ ಸತ್ತಿದೆ."

"ಏನು ಬಂದೋಬಸ್ತು?"

"ಅಯ್ಯೋ, ಎಲ್ಲರೂ ಮಾಡೋದೇ. ಹೋಗಿ ನೋಡ್ಕೊಂಡು ಬನ್ನಿ, ನಿಮ್ಮ ಹೊಟ್ಟೆನೋವಾದ್ರೂ ಕಡಿಮೆಯಾಗ್ಲಿ."

ಹೋದೆ. ಕಟ್ಟಡದ ಕಾವಲಿನ ಈಜಿಪ್ಟಿನ ಮಹಮೂದ್ ಬೀಗದ ಕೈ ತಂದು ತಾರಸಿಯ ಬಾಗಿಲು ತೆಗೆದ. ಮಧ್ಯಾಹ್ನದ ಆ ಬಿಸಿಲಿಗೆ ಕಣ್ಣು ಹೊಂದಿಕೊಂಡ ಮೇಲೆ ಡಾಕ್ಟರ ಡಿಶ್ ಕಂಡಿತು. ಇಲಿಯಿಲ್ಲ, ಪಾರಿವಾಳವಿಲ್ಲ, ತಿರುಗಿಯೂ ಇಲ್ಲ. ಆದರೆ ಡಿಶ್ಶಿನ ಮುಂದೆ ಮೂರು ಕಾಲಿನ ಮೇಲೆ ನಿಂತ ಪುಟ್ಟ ಡಬ್ಬಿ, ಆಕಾಶದಿಂದ ಬಂದದ್ದನ್ನೆಲ್ಲ ಕೇಳಿಸಿಕೊಳ್ಳುವುದರಿಂದ ಡಾಕ್ಟರು 'ಕಿವಿ' ಎಂದು ಕರೆಯುತ್ತಿದ್ದ ಡಬ್ಬಿ, ತಳತಳ ಹೊಳೆಯುತ್ತಿತ್ತು. ಅದರ ಮೈ, ಮುಖ, ಎಲ್ಲಕ್ಕೂ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ದಾರದಿಂದ ಬಿಗಿದಿತ್ತು.

ಇಲ್ಲಿ ಸ್ವಲ್ಪ ಹೇಳಬೇಕು. ಕುವೈತಿನಲ್ಲಿ ಬಾಡಿಗೆಮನೆಯಲ್ಲಿರುವ ನಾವೆಲ್ಲ ಬೇಸಿಗೆ ಬಂತೆಂದರೆ ಬಿಸಿಲು ಬೀಳುವ ಕಿಟಕಿಗಳಿಗೆ ಫಾಯಿಲ್ ಅಂಟಿಸುತ್ತೇವೆ. ಯಾವುದು ಬಿಸಿಯಾದರೂ ನಮ್ಮ ಕೈ ಮೊದಲು ಹೋಗುವುದು ಆ ಸುರುಳಿಗೇ. ನೀರಿನ ಕೊಳಾಯಿಗೆ ಸುತ್ತುತ್ತೇವೆ, ಬಾಲ್ಕನಿಯ ತುಳಸಿ ಕುಂಡಕ್ಕೆ ಸುತ್ತುತ್ತೇವೆ. ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರುಕು ಬಿಟ್ಟದ್ದನ್ನು ಕಂಡ ಡಾಕ್ಟರು ಅದಕ್ಕೂ ಸುತ್ತಿದ್ದರು.

ಮಹಮೂದ್ ಅದನ್ನು ನೋಡಿ, ಇಲ್ಲಿಯ ಭಾರತೀಯರಿಂದ ಕಲಿತ ಹಿಂದಿಯಲ್ಲಿ ಕೇಳಿದ: "ಭಾಯಿ, ಯೇ ಕ್ಯಾ ಹೈ? ಶವರ್ಮಾ?"

ನಾನು ಫೋನ್ ಮಾಡಿದೆ. "ಡಾಕ್ಟ್ರೇ, ಕಿವಿಯ ಮುಖದ ಮೇಲೆ ಫಾಯಿಲ್ ಇದೆ. ಅದು ಇರಬೇಕಾ?"

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಮುಖವೂ ಮುಚ್ಚಿದೆಯಾ?" ಎಂದು ಕೇಳಿದರು.

"ಪೂರ್ತಿ."

"ಎಂಆರ್‌ಐ ರೂಮಿಗೆ ಸೂಜಿ ತಗೊಂಡು ಹೋದ್ರೆ ಜನಾನ ಬೈಯೋಳು ನಾನು. ಮುಖಕ್ಕೇ ಲೋಹ ಮುಚ್ಚಿದ್ರೆ ಸಿಗ್ನಲ್ ಎಲ್ಲಿಂದ ಒಳಗೆ ಹೋಗುತ್ತೆ! ಬಿಚ್ಚಿ. ಮುಖದ್ದು ಮಾತ್ರ ಬಿಚ್ಚಿ. ಅಲ್ಲಾಡಿಸ್ಬೇಡಿ."

ನಾನು ಏಣಿ ಹತ್ತಿದೆ. ಮಹಮೂದ್ ಏಣಿಯನ್ನೂ ನನ್ನ ಕಾಲನ್ನೂ ಹಿಡಿದುಕೊಂಡ. ಬೆರಳು ಸುಟ್ಟುಕೊಳ್ಳುತ್ತಾ ಫಾಯಿಲನ್ನು ಕಿತ್ತು ಬಿಸಾಡಿದ ಕ್ಷಣಕ್ಕೇ ಫೋನಿನಲ್ಲಿ ವೀಣಾಳ ಕೂಗು ಕೇಳಿತು: "ಬಂತ್ರೀ! ಬಂತು! ಯಾರೋ ಎಮ್ಮಿ ಬಗ್ಗೆ ಮಾತಾಡಾಕತ್ತಾರ!" ಕೆಳಗೆ ಬಂದಾಗ ಡಾಕ್ಟರು ಕುರ್ಚಿಯಲ್ಲಿ ಒರಗಿ ಕೂತಿದ್ದರು. ಪರದೆಯ ಮೇಲೆ ಪಶುಪಾಲನೆ ನಡೆದಿತ್ತು. ನನ್ನನ್ನು ನೋಡಿ ನೇರವಾಗಿ ಹೇಳಿದರು: "ಒಂದೇ ದಿನ ಎರಡು ಔಷಧಿ ಕೊಟ್ಟೆ. ಒಂದು ಕಂಪ್ಯೂಟರಿಗೆ, ಒಂದು ಡಿಶ್‌ಗೆ. ತಪ್ಪು ನಂದು. ಇಷ್ಟು ಹೊತ್ತು ಪಾಪ ಆ ಕಾರ್ಡನ್ನ ಬೈದೆ." ತಪ್ಪೊಪ್ಪಿಕೊಳ್ಳಲು ಅವರಿಗೆ ಯಾವತ್ತೂ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ಹಾಗೆಂದು ನಾನು ತಿಳಿದಿದ್ದೆ.

ಮೂರಕ್ಕೆ ಪದ್ಮಾ ಬಂದರು. ತಂಗಿಯದೇ ಗಲ್ಲ, ತಂಗಿಯದೇ ಹುಬ್ಬು, ಆದರೆ ದನಿ ಚಿಕ್ಕದು. ಮಲ್ಲಿಗೆಗೆ ಯಾವಾಗ ಕತ್ತರಿ ಹಾಕಬೇಕೆಂದು ಹೇಳುತ್ತಿದ್ದರು. ಡಾಕ್ಟರು ಮುಂದಕ್ಕೆ ಬಾಗಿ, ಮಾನಿಟರ್ ನೋಡುವ ಹಾಗೆ ಆ ಮುಖವನ್ನು ನೋಡುತ್ತಿದ್ದರು. "ತೆಳ್ಳಗಾಗಿದಾಳೆ. ಎಡಗೈ ಎತ್ತುತ್ತಿಲ್ಲ ನೋಡಿ, ಭುಜ ಹಿಡ್ಕೊಂಡಿದೆ. ಯಾರಿಗೂ ತೋರಿಸಿರಲ್ಲ."

ಪರದೆಯ ಕೆಳಗೆ ಫೋನ್ ನಂಬರು ಹರಿಯುತ್ತಿತ್ತು. ನಾನೂ ವೀಣಾನೂ ಅದನ್ನು ನೋಡದವರಂತೆ ಕೂತಿದ್ದೆವು.

"ಲೈನ್ ಸಿಗಲ್ಲ ಬಿಡಿ" ಎಂದರು ಡಾಕ್ಟರು, ನಾವೇನೂ ಕೇಳದಿದ್ದರೂ. ಸ್ವಲ್ಪ ಹೊತ್ತಿಗೆ, "ಸುಮ್ಮನೆ ಟೆಸ್ಟ್ ಮಾಡೋಣ" ಎಂದು ಒತ್ತಿದರು. ನೆಟ್ ಕುಂಟುತ್ತಿದ್ದರೂ ಮಾಮೂಲಿ ಕಾಲ್ ಸಲೀಸಾಗಿ ಹೋಯಿತು. ಯಾರೋ ಎತ್ತಿ, ಎಲ್ಲಿಂದ, ಏನು ಪ್ರಶ್ನೆ ಎಂದು ಕೇಳಿ ಕಾಯಲು ಹೇಳಿದರು. ಸಾವಿರಾರು ಜನರನ್ನು ನಿದ್ದೆಗೆ ದೂಡಿ ಎಬ್ಬಿಸಿದವರು ಫೋನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದರು. ನನಗೆ ಏನು ಹೇಳಬೇಕೆಂದು ತಿಳಿಯದೆ, "ಹಿಂದಕ್ಕೆ ಎಣಿಸಿ ಡಾಕ್ಟ್ರೇ" ಎಂದೆ. "ಬಾಯಿ ಮುಚ್ಚಿ" ಎಂದರು.

ನಿರೂಪಕಿ ಕುವೈತಿನಿಂದ ಕರೆ ಬಂದಿದೆಯೆಂದಳು. ಎಲ್ಲರಿಗೂ ಹೇಳುವಂತೆ ಟಿವಿಯ ಸದ್ದು ಕಡಿಮೆ ಮಾಡಲು ಹೇಳಿದಳು. ಡಾಕ್ಟರು ಫೋನನ್ನು ಸ್ಪೀಕರಿಗೆ ಹಾಕಿದರು, ನಾನು ಟಿವಿಯ ದನಿ ಆರಿಸಿದೆ.

"ನಮ್ಮ ಮನೆ ಮುಂದೆ ಒಂದು ಸಂಪಿಗೆ ಮರ" ಎಂದರು ಡಾಕ್ಟರು, ಹೆಸರು ಹೇಳದೆ. "ಹೊರಗಡೆಯಿಂದ ಚೆನ್ನಾಗೇ ಇತ್ತು. ಹೂವೂ ಬಿಡ್ತಿತ್ತು. ಒಳಗೆ ಹಾಳಾಗಿದೆ ಅಂತ ಹೇಗೆ ಗೊತ್ತಾಗುತ್ತೆ?"

ಪರದೆಯ ಮೇಲಿನ ಪದ್ಮಾ ಇನ್ನೂ ಹಿಂದಿನ ಪ್ರಶ್ನೆಗೆ ತಲೆಯಾಡಿಸುತ್ತಿದ್ದರು. ಅಂತರಿಕ್ಷ ಸುತ್ತಿ ಬರುವ ಚಿತ್ರ ಫೋನಿಗಿಂತ ಕೆಲವು ಕ್ಷಣ ಹಿಂದೆ. ಫೋನಿನಲ್ಲಿ ಮಾತ್ರ ಆಗಲೇ ಪದ್ಮಾರ ಆ ಚಿಕ್ಕ ದನಿ ಬಂತು.

"ದೂರದಿಂದ ಗೊತ್ತಾಗಲ್ಲ. ಸಾಯೋ ಮರ ಒಮ್ಮೊಮ್ಮೆ ಜಾಸ್ತಿನೇ ಹೂ ಬಿಡುತ್ತೆ. ಬುಡದಲ್ಲಿ ಅಣಬೆ ಬಂದಿತ್ತು. ತಟ್ಟಿದ್ರೆ ಖಾಲಿ ಡಬ್ಬದ ಸದ್ದು. ಆದ್ರೂ ಒಂದು ಮಳೆಗಾಲ ಕಾದೆ. ಪಕ್ಕದ ಮನೆ ಮಕ್ಕಳು ಅದರ ಕೆಳಗೇ ಆಡ್ತಿದ್ವು. ಕಡಿಯೋರು ಬಂದ ದಿನ ನಾನು ಹೊರಗೇ ಬರಲಿಲ್ಲ. ಅಮ್ಮನ ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ದೆ."

"ಮೇಡಂ, ಇದು... ನಿಮ್ಮ ಮನೆ ಮರದ ವಿಷಯಾನಾ?" ನಿರೂಪಕಿ ತಡವರಿಸಿದಳು.

"ನಮ್ಮ ಮನೇದು. ಫೋನಲ್ಲಿರೋರ ಮನೇದೂ ಹೌದು."

ಕರೆ ಅಲ್ಲಿಗೆ ತುಂಡಾಯಿತು. ದಾಸವಾಳಕ್ಕೆ ಹುಳ ಬಿದ್ದವರೊಬ್ಬರು ಸರದಿಯಲ್ಲಿದ್ದರು. ನಾನು ತಡಕಾಡಿ ಟಿವಿಯ ದನಿ ಹಾಕಿದೆ. ಆಗ ಅದೇ ಮಾತು ಇನ್ನೊಮ್ಮೆ ಬಂತು, ಈ ಸಲ ಮುಖದ ಸಮೇತ: "ಫೋನಲ್ಲಿರೋರ ಮನೇದೂ ಹೌದು." ಹೇಳಿದ ಮೇಲೆ ಪದ್ಮಾ ಕ್ಯಾಮೆರಾದ ಕಡೆಗೆ ನೋಡಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಕಾರ್ಯಕ್ರಮ ಮುಗಿದು ಕಾಫಿ ಆರುವ ಮುಂಚೆಯೇ ಅವರ ಫೋನ್ ರಿಂಗಾಯಿತು. ಹೆಸರು ನೋಡಿ, ನಮ್ಮಿಬ್ಬರಿಗೂ ಬಾಗಿಲು ತೋರಿಸಿದರು. ಚಪ್ಪಲಿ ಮೆಟ್ಟಿಕೊಳ್ಳುವಾಗ ಆ ದೊಡ್ಡ ದನಿ ಪೂರ್ತಿ ಮರಳಿ ಬಂದದ್ದು ಕೇಳಿಸಿತು: "ಅಣಬೆ ಬಂದಿತ್ತು ಅಂತ ಅವತ್ತೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ? ಎರಡು ಸಾಲು ಮೆಸೇಜು ಹಾಕ್ತಾಳಂತೆ! ಮೊದಲು ಆ ಭುಜಕ್ಕೆ ಏನಾಗಿದೆ ಹೇಳು..."

"ಜಗಳ ಶುರುವಾತು" ಎಂದಳು ವೀಣಾ, ದೇವರಿಗೆ ಕೈ ಮುಗಿದು.

ಅದು ಮುಗಿಯಲೇ ಇಲ್ಲ. ಅಲ್ಲಿಂದ ಮುಂದೆ ದಿನವೂ ನಮ್ಮ ತಲೆಯ ಮೇಲೆ ಆ ಜಗಳ ಓಡಾಡುತ್ತಿತ್ತು. ಭುಜದ ವ್ಯಾಯಾಮ ತಪ್ಪಿಸಿದ್ದಕ್ಕೆ, ಉಪ್ಪಿನಕಾಯಿಗೆ ಹೆಚ್ಚು ಎಣ್ಣೆ ಹಾಕಿದ್ದಕ್ಕೆ, ಯಾವುದೋ ಹಳೆಯ ಪರೀಕ್ಷೆಯಲ್ಲಿ ಯಾರಿಗೆ ಹೆಚ್ಚು ಅಂಕ ಬಂದಿತ್ತೆನ್ನುವುದಕ್ಕೆ. ಒಂದು ದಿನ ಸದ್ದು ಕೇಳಿಸದಿದ್ದರೆ ನಾನು ಚಿಂತೆಗೆ ಬಿದ್ದು ಮೇಲೆ ಹೋಗಿ ವಿಚಾರಿಸುತ್ತಿದ್ದೆ.

ಆಸ್ಪತ್ರೆಯ ಕೆಲಸದ ಅವಧಿ ಮುಗಿದು ಡಾಕ್ಟರು ಊರಿಗೆ ಹೊರಟ ದಿನ ವಿಮಾನ ನಿಲ್ದಾಣಕ್ಕೆ ಬಿಟ್ಟವನು ನಾನೇ. ದಾರಿಯುದ್ದಕ್ಕೂ ಒಂದು ಸಣ್ಣ ಭಾಷಣ ಮನಸ್ಸಿನಲ್ಲೇ ತಯಾರಿಸಿದ್ದೆ: ನೀವಿಲ್ಲದೆ ಈ ಕಟ್ಟಡ ಹೀಗೆ, ನನ್ನ ಧೈರ್ಯ ಹಾಗೆ. ಕಾರಿನಲ್ಲಿ ಅದನ್ನು ಹೇಳಲು ಜಾಗವೇ ಸಿಗಲಿಲ್ಲ. ಫಹಾಹೀಲ್‌ನಿಂದ ಹೊರಟಾಗ ಕಿವಿಗಿಟ್ಟ ಫೋನು ನಿಲ್ದಾಣದಲ್ಲೂ ಇಳಿದಿರಲಿಲ್ಲ. ಖರ್ಜೂರ ಯಾವ ಪೆಟ್ಟಿಗೆಯಲ್ಲಿಟ್ಟಿದ್ದಾರೆಂಬ ಬಗ್ಗೆ ಅಕ್ಕ ತಂಗಿಯರಿಬ್ಬರಿಗೂ ಭಿನ್ನಾಭಿಪ್ರಾಯವಿತ್ತು.

ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗುವ ಗೆರೆಯ ಹತ್ತಿರ ನಾನು ಗಂಟಲು ಸರಿಮಾಡಿಕೊಂಡೆ. "ಡಾಕ್ಟ್ರೇ, ಒಂದು ಮಾತು..."

ಅವರು ಫೋನಿನ ಮೇಲೆ ಅಂಗೈ ಮುಚ್ಚಿ, ನನ್ನ ಕಡೆ ತಿರುಗಿ ನಕ್ಕರು. "ಒಂದ್ನಿಮಿಷ ಶ್ರೀಧರ್, ಅಕ್ಕ ಮಾತಾಡ್ತಿದಾಳೆ."

ಮತ್ತೆ ಫೋನನ್ನು ಕಿವಿಗಿಟ್ಟು, ತಳ್ಳುಗಾಡಿಯನ್ನು ಸೊಂಟದಿಂದಲೇ ನೂಕುತ್ತಾ, ಜಗಳವಾಡುತ್ತಲೇ ಒಳಗೆ ಹೋದರು. ನಾನು ಆ ಒಂದು ನಿಮಿಷ ಮುಗಿಯಲೆಂದು ಗಾಜಿನ ಈಚೆ ಸಾಕಷ್ಟು ಹೊತ್ತು ನಿಂತಿದ್ದೆ.